ಕಟ್ಟೆಯ ಮೇಲೆ ಕೂತ ಹೆಂಗಸರು

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಊರ ಮುಂದೆ ಒಂದು ಅರಳೀಕಟ್ಟೆ ಇದ್ದೇ ಇರುತ್ತದೆ. ಅರಳಿಗೆ ಒರಗಿಕೊಂಡು ಬೇವು, ಬುಡದಲ್ಲಿ ನಾಗರಕಲ್ಲುಗಳ ಸಾಲು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿಕೊಂಡಿದ್ದ ನಾನು ವರ್ಷವರ್ಷವೂ ವಿದ್ಯಾರ್ಥಿಗಳನ್ನು ವೀರಗಲ್ಲು, ಮಾಸ್ತಿಕಲ್ಲುಗಳ ಮುಂದೆ ನಿಲ್ಲಿಸಿ ಓದಿಸುತ್ತಿದ್ದೆ. ಎಷ್ಟೋ ವೀರಗಲ್ಲುಗಳಲ್ಲಿ ಅಕ್ಷರವಿರುತ್ತದೆ. ಯಾವ ದೊರೆಯ ಕಾಲ, ಯಾವ ತುರುಗಾಳಗ, ಸತ್ತವನು ಯಾರ ಮಗ ಎಂದೆಲ್ಲ ತಿಳಿಯುತ್ತದೆ. ನಾಗರಕಲ್ಲಿನಲ್ಲಿ ಸಾಮಾನ್ಯವಾಗಿ ಒಂದಕ್ಷರವೂ ಇರುವುದಿಲ್ಲ. ಯಾರು ಇಡಿಸಿದರು, ಯಾವ ವರ್ಷ, ಹರಕೆ ಈಡೇರಿತೋ ಇಲ್ಲವೋ, ಯಾವುದೂ ಗೊತ್ತಾಗುವುದಿಲ್ಲ. ಹಾಗಾಗಿ ಇತಿಹಾಸದವರು ಅವುಗಳ ಮುಂದೆ ನಿಲ್ಲದೆ ನಡೆದುಬಿಡುತ್ತಾರೆ.

ನನ್ನ ಮಟ್ಟಿಗೆ ಅವು ಈ ಸೀಮೆಯ ದೊಡ್ಡ ದಾಖಲೆಗಳು. ಎಷ್ಟೋ ಕಲ್ಲುಗಳು ಮಕ್ಕಳಾಗಲಿ ಎಂದು ಹರಕೆ ಹೊತ್ತವರು ನಿಲ್ಲಿಸಿದವು. ಒಂದೊಂದು ಕಲ್ಲಿನ ಹಿಂದೆಯೂ ತಿಂಗಳುತಿಂಗಳೂ ನಿರಾಸೆಪಟ್ಟ ಒಬ್ಬ ಹೆಂಗಸಿದ್ದಾಳೆ. ನನಗೂ ಮಕ್ಕಳಿಲ್ಲ. ಅಂಥ ಒಂದು ಕಟ್ಟೆಯ ಮೇಲೆ ನಾನೂ ಕೂತಿದ್ದೇನೆ. ಮಕ್ಕಳಾಗದ ಹೆಂಗಸಿನ ಮನಸ್ಸನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ನಮ್ಮ ಕಡೆ ಹಿಂದೆ ಯಾರು ಮಾಡುತ್ತಿದ್ದರು, ಅದು ಯಾವಾಗ ಕೈತಪ್ಪಿತು, ಈಗ ಯಾರು ಮಾಡಬೇಕು ಎಂಬುದನ್ನು ನಿವೃತ್ತಿಯ ಮೇಲೆ ನಾನು ಹುಡುಕುತ್ತಾ ಬಂದಿದ್ದೇನೆ.

ಕಲ್ಲು ಇಡಿಸುವುದು ಒಂದು ದಿನದ ಮಾತಲ್ಲ. ಮೊದಲು ಕಲ್ಲುಕುಟಿಗನಿಗೆ ಹೇಳಿ ಕಡೆಸಬೇಕು. ಒಂಟಿ ಹೆಡೆಯದು, ಐದು ಹೆಡೆಯದು, ಏಳು ಹೆಡೆಯದು. ಎರಡು ಹಾವು ಹೆಣೆದುಕೊಂಡು ಎದುರುಬದುರು ಹೆಡೆಯೆತ್ತಿದ್ದು. ಸೊಂಟದ ಮೇಲೆ ಹೆಣ್ಣು, ಕೆಳಗೆ ಹಾವಾಗಿರುವ ನಾಗಿಣಿ, ಕೆಲವು ಸಲ ಅವಳ ಕೈಯಲ್ಲಿ ಮರಿಗಳು. ಕಡೆದ ಕಲ್ಲನ್ನು ಕೆರೆಯಲ್ಲೋ ಬಾವಿಯಲ್ಲೋ ಮುಳುಗಿಸಿ ಇಡುತ್ತಾರೆ, ಕೆಲವು ಕಡೆ ಒಂದು ಮಂಡಲ, ಕೆಲವು ಕಡೆ ಆರು ತಿಂಗಳು. ಆಮೇಲೆ ಎತ್ತಿ ತಂದು, ಮಂತ್ರ ಹೇಳಿಸಿ, ಅರಳಿಯ ಬುಡದಲ್ಲಿ ಪ್ರತಿಷ್ಠೆ. ಆ ಅರಳಿಗೂ ಪಕ್ಕದ ಬೇವಿಗೂ ಮದುವೆ ಮಾಡಿಸಿರುತ್ತಾರೆ. ಅರಳಿ ಗಂಡು, ಬೇವು ಹೆಣ್ಣು. ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರು ನೋಡಿರುತ್ತಾರೆ, ಅಲ್ಲಿ ಇಂಥ ಕಲ್ಲುಗಳು ಸಾವಿರಗಟ್ಟಲೆ ನಿಂತಿವೆ. ಕುಕ್ಕೆಯಲ್ಲಿ ನಾಗಪ್ರತಿಷ್ಠೆ, ಆಶ್ಲೇಷಾ ಬಲಿ, ಸರ್ಪಸಂಸ್ಕಾರ ಇವತ್ತಿಗೂ ನಡೆಯುತ್ತವೆ.

1870ರ ದಶಕದಲ್ಲಿ ಕ್ಯಾಪ್ಟನ್ ಮೆಕೆಂಜಿ ಎಂಬ ಇಂಗ್ಲಿಷ್ ಅಧಿಕಾರಿ ಬೆಂಗಳೂರಿನ ಪೇಟೆ ಮತ್ತು ಲಾಲ್‌ಬಾಗಿನ ಸುತ್ತಲಿನ ನಾಗರಕಲ್ಲುಗಳ ಬಗ್ಗೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಬರೆದ. ಮೈಸೂರು ದೇಶವನ್ನು ಅಳೆದ ಕಾಲಿನ್ ಮೆಕೆಂಜಿ ಬೇರೆ, ಇವನು ಬಹಳ ಈಚಿನವನು. ಅವನ ಬರಹದಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು: ಈ ಕಲ್ಲುಗಳಿಗೆ ಪೂಜಾರಿ ಇಲ್ಲ, ಪೂಜೆಗೆ ಬರುವವರು ಮುಖ್ಯವಾಗಿ ಹೆಂಗಸರು. ಹೊರಗಿನವನಾದ ಅವನಿಗೆ ಅದು ಒಂದು ವಿವರ ಅಷ್ಟೆ. ನನಗೆ ಅದೇ ಇಡೀ ವಿಷಯ. ಪ್ರತಿಷ್ಠೆಯ ದಿನ ಪುರೋಹಿತರು ಬಂದು ಹೋಗುತ್ತಾರೆ, ಮಾರನೆಯ ದಿನದಿಂದ ಆ ಕಟ್ಟೆ ಹೆಂಗಸರದ್ದು. ಬಾಗಿಲಿಲ್ಲ, ಬೀಗವಿಲ್ಲ, ಕಾಯುವವರಿಲ್ಲ. ಹಾಲೆರೆಯಲು ಯಾರನ್ನೂ ಕೇಳಬೇಕಾಗಿಲ್ಲ. ಅತ್ತೆಯ ಅಪ್ಪಣೆ ಇಲ್ಲದೆ ಹೊಸಿಲು ದಾಟಲಾಗದ ಹೆಣ್ಣುಮಗಳಿಗೂ ಅಲ್ಲಿಗೆ ಹೋಗಿಬರಲು ತಡೆಯಿರಲಿಲ್ಲ, ಮಕ್ಕಳ ಹರಕೆಗೆ ಬೇಡವೆನ್ನುವ ಅತ್ತೆ ಯಾರು?

ನನ್ನನ್ನು ಕರೆದುಕೊಂಡು ಹೋದವರು ನಮ್ಮತ್ತೆ. ಮದುವೆಯಾಗಿ ಕೆಲವು ವರ್ಷ ಕಳೆದಿತ್ತು, 1980ರ ದಶಕದ ನಡುಭಾಗ. ನಾನು ಆಗಲೇ ಕೆಲಸಕ್ಕೆ ಸೇರಿದ್ದೆ, ಇಂಥದ್ದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಅವರಿಗೆ ಅದು ಗೊತ್ತಿತ್ತು. "ನೀನು ನಂಬಬೇಡ, ಜೊತೆಗೆ ಬಾ ಸಾಕು" ಎಂದರು. ಸೋಮವಾರ ಅಮಾವಾಸ್ಯೆ ಬಿದ್ದ ದಿನ ನಮ್ಮ ಕಡೆ ಅರಳಿಮರಕ್ಕೆ 108 ಸುತ್ತು ಬರುತ್ತಾರೆ. ಮೈಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ, ಸುತ್ತಿಗೊಂದರಂತೆ ಅರಿಶಿನದ ಕೊಂಬು ಹಾಕುತ್ತಾ ಹೋಗುವುದು. ಲೆಕ್ಕ ತಪ್ಪಬಾರದೆಂದು ಮೊದಮೊದಲು ಮಾತಿರುವುದಿಲ್ಲ. ಐವತ್ತು ದಾಟುವ ಹೊತ್ತಿಗೆ ಕಾಲು ನೋಯುತ್ತದೆ, ಕಲ್ಲುಚಪ್ಪಡಿ ಕಾಯುತ್ತದೆ, ಮುಂದಿನವಳ ಹಿಮ್ಮಡಿಯ ಬಿರುಕು ನೋಡುತ್ತಾ ಹೆಜ್ಜೆ ಹಾಕುತ್ತಿರುತ್ತೇವೆ. ಮುಗಿಯುವಷ್ಟರಲ್ಲಿ ಸೀರೆ ಮೈಮೇಲೇ ಒಣಗಿರುತ್ತದೆ.

ಮಾತು ಶುರುವಾಗುವುದು ಆಮೇಲೆ. ಎಲ್ಲರೂ ಕಟ್ಟೆಯ ನೆರಳಿನ ಬದಿಗೆ ಸರಿದು ಕಾಲು ಚಾಚಿ ಕೂತಿದ್ದೆವು. ಕುಂಬಾರಗೇರಿಯ ಒಬ್ಬಾಕೆ ಪಾದ ಒತ್ತಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ಏಸ್ ವರ್ಸಾಯ್ತವ್ವ ಮದ್ವೆಯಾಗಿ?" ಎಂದಳು. ಹೇಳಿದೆ. "ನಂದು ಹನ್ನೊಂದು ಕಣವ್ವ. ಮೊದ್ಲೆಲ್ಲ ತಿಂಗ್‌ತಿಂಗ್ಳೂ ಮುಟ್ಟಾದಾಗ ಹಿತ್ಲಿಗೋಗಿ ಒಬ್ಳೇ ಅಳ್ತಿದ್ದೆ. ಈಗ ಇಲ್ ಬಂದು ಇವ್ರ್ ತಾವ ಯೋಳ್ಕತೀನಿ" ಎಂದಳು. ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವರಿಗೆ ಮಕ್ಕಳಾಗುವ ವಯಸ್ಸು ಎಂದೋ ದಾಟಿತ್ತು, ಮಕ್ಕಳಾಗಿರಲಿಲ್ಲ, ಆದರೂ ಕಟ್ಟೆಗೆ ಬರುವುದನ್ನು ಬಿಟ್ಟಿರಲಿಲ್ಲ. ಯಾಕೆ ಬರುತ್ತೀರಿ ಎಂದು ನಾನು ಕೇಳಲಿಲ್ಲ. ಅವರೇ ನನ್ನ ಮೊಣಕೈ ಹಿಡಿದು, "ಅವ್ನ್ ಕೊಟ್ರೆ ಕೊಟ್ಟ, ಬುಟ್ರೆ ಬುಟ್ಟ. ನೀ ಮಾತ್ರ ಹೊಟ್ಟೆಗ್ ತಿನ್ನೋದ್ ಬುಡ್ಬ್ಯಾಡ" ಎಂದರು. ಆ ದಿನಗಳಲ್ಲಿ ನಾನು ಊಟ ಬಿಡುತ್ತಿದ್ದೆ. ಮನೆಯಲ್ಲಿ ಯಾರೂ ಗಮನಿಸದ್ದನ್ನು ಅವರು ನನ್ನ ಮೊಣಕೈ ಹಿಡಿದು ತಿಳಿದಿದ್ದರು.

ನಂಬಿಕೆ ನನಗೆ ಆವತ್ತೂ ಬರಲಿಲ್ಲ, ಇವತ್ತೂ ಇಲ್ಲ. ಆದರೆ ಆ ಕಟ್ಟೆ ಏನು ಕೊಡುತ್ತಿತ್ತು ಎಂಬುದು ಅಂದಿನಿಂದ ನನಗೆ ಸ್ಪಷ್ಟವಾಗಿದೆ. ಮೂಲೆ ಹಿಡಿದು ಕೂರುವವಳನ್ನು ಮನೆಯಿಂದ ಹೊರಗೆ ತರುತ್ತಿತ್ತು. ಕೈಕಾಲಿಗೆ ಕೆಲಸ ಕೊಡುತ್ತಿತ್ತು. ಮುಂದಿನ ಅಮಾವಾಸ್ಯೆ ಎಂಬ ಒಂದು ಗಡುವು ಇರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲದ ಜನ ಅಲ್ಲಿ ಸಿಗುತ್ತಿದ್ದರು. ನಾಗದೋಷ ಎಂಬ ಕಾರಣವನ್ನೂ ಹಾಗೇ ನೋಡಬೇಕು. ವಂಶದಲ್ಲಿ ಯಾರೋ ಎಂದೋ ಹಾವನ್ನು ಕೊಂದರು, ಅದರ ಫಲ ಇದು ಎಂಬ ಮಾತಿನಲ್ಲಿ ತಪ್ಪು ಈ ಹೆಂಗಸಿನ ಮೈಯಿಂದ ಸ್ವಲ್ಪ ದೂರ ಸರಿಯುತ್ತದೆ. ಗಂಡನ ವಂಶದ ದೋಷವೂ ಇರಬಹುದಲ್ಲ? ಪರಿಹಾರಕ್ಕೆ ಗಂಡಹೆಂಡಿರಿಬ್ಬರೂ ಒಟ್ಟಿಗೆ ಕೂರಬೇಕಾಗುತ್ತದೆ. ಊರಿನ ಉಳಿದ ಮಾತುಗಳಲ್ಲೆಲ್ಲ ಒಬ್ಬಳೇ ಅಪರಾಧಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಕಟ್ಟೆ ಹಗಲಿನದು. ರಾತ್ರಿ ಕಳೆದು ಕೋಳಿ ಕೂಗುವ ಮುಂಚಿನ ಹೊತ್ತಿಗೆ ಬೀಸುವ ಕಲ್ಲಿತ್ತು. ರಾಗಿ ಬೀಸುವಾಗ, ಜೋಳ ಬೀಸುವಾಗ ಹಾಡಿದ ಪದಗಳನ್ನು ಹಲಸಂಗಿ ಗೆಳೆಯರು 1930ರ ದಶಕದ ಆರಂಭದಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ತವರು, ತಮ್ಮ, ಅತ್ತೆ, ತೊಟ್ಟಿಲುಗಳ ಜೊತೆಗೆ ಮಕ್ಕಳಿಲ್ಲದ ಸಂಕಟವೂ ಬೀಸುವ ಪದಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಕಲ್ಲಿನ ಸದ್ದಿನೊಳಗೆ ಹಾಡಿಕೊಳ್ಳಬಹುದಿತ್ತು. ಹಾಡಿನಲ್ಲಿ ಹೇಳಿದ್ದಕ್ಕೆ ಯಾರೂ ಜವಾಬು ಕೇಳುವುದಿಲ್ಲ. ಇನ್ನೊಂದು ವಿಷಯ, ದೊಡ್ಡ ಕಲ್ಲನ್ನು ಒಬ್ಬಳೇ ಬೀಸುವುದು ಕಷ್ಟ, ಗೂಟಕ್ಕೆ ಎದುರುಬದುರು ಕೂತ ಇಬ್ಬರ ಕೈ ಬೇಕು. ಒಬ್ಬಳು ಎತ್ತಿಕೊಟ್ಟ ಸೊಲ್ಲನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ. ದುಃಖವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿಸಿಕೊಳ್ಳುವುದು ಎಂದರೆ ಏನೆಂದು ಹೆಂಗಸರಿಗೆ ಅಲ್ಲಿ ಗೊತ್ತಿತ್ತು. ಹಿಟ್ಟಿನ ಗಿರಣಿ ಬಂದದ್ದು ಒಳ್ಳೆಯದೇ ಆಯಿತು, ರಟ್ಟೆ ಉಳಿಯಿತು, ನಿದ್ದೆ ಸಿಕ್ಕಿತು. ಆದರೆ ಇಬ್ಬರು ಎದುರುಬದುರು ಕೂರುತ್ತಿದ್ದ ಆ ಒಂದು ಗಂಟೆಗೆ ಬದಲಾಗಿ ಏನೂ ಬರಲಿಲ್ಲ.

ಇಷ್ಟೇ ಹೇಳಿ ನಿಲ್ಲಿಸಿದರೆ ಹಳೆಯ ಕಾಲವನ್ನು ಚಂದ ಮಾಡಿದಂತಾಗುತ್ತದೆ. ಅದು ಚಂದವಾಗಿರಲಿಲ್ಲ.

ಮಕ್ಕಳಾಗದ ಹೆಂಡತಿಯ ಮೇಲೆ ಎಂಟನೆಯ ವರ್ಷ ಇನ್ನೊಬ್ಬಳನ್ನು ತರಬಹುದು ಎಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಗಡುವು ಹಾಕಿಕೊಟ್ಟಿದೆ. ಸ್ಮೃತಿಯ ಹೆಸರು ಕೇಳದ ಮನೆಗಳಲ್ಲೂ ಈ ಗಡುವು ನಡೆಯುತ್ತಿತ್ತು. ಬರುವ ಸವತಿ ಪರಕೀಯಳಾಗದಿರಲಿ ಎಂದು ಮೊದಲ ಹೆಂಡತಿಯೇ ತವರಿಗೆ ಹೋಗಿ ಸ್ವಂತ ತಂಗಿಯನ್ನು ಕೇಳಿ ತಂದ ಸಂಸಾರಗಳನ್ನು ನಾನು ಕಂಡಿದ್ದೇನೆ. ಅಂಥ ಅಕ್ಕಂದಿರನ್ನು ಊರು ಹೊಗಳುತ್ತಿತ್ತು. ಆ ರಾತ್ರಿ ಅವರು ಹೇಗೆ ಮಲಗಿದರು ಎಂದು ಯಾರೂ ಕೇಳಿದಂತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಒಬ್ಬ ಹೆಂಡತಿ ಇರುವಾಗ ಇನ್ನೊಂದು ಮದುವೆ ಊರ್ಜಿತವಲ್ಲ ಎಂದಿತು. ಮಕ್ಕಳಾಗದ ಹೆಂಗಸರ ಮನಸ್ಸಿಗೆ ಸಿಕ್ಕ ದೊಡ್ಡ ಆಸರೆಗಳಲ್ಲಿ ಈ ಕಾಯ್ದೆಯನ್ನೂ ನಾನು ಸೇರಿಸುತ್ತೇನೆ, ಹಳ್ಳಿಗಳಲ್ಲಿ ಅದು ಕಾಲೂರಲು ಬಹಳ ಕಾಲ ಹಿಡಿದರೂ. ಮನೆಯಿಂದ ಆಚೆ ಹೋಗಬೇಕಾದೀತು ಎಂಬ ಭಯದಲ್ಲಿ ಬದುಕುವವಳಿಗೆ ಸಮಾಧಾನದ ಮಾತು ಯಾವುದು ತಾನೆ ತಟ್ಟುತ್ತದೆ?

ಕಾನೂನು ತಲುಪದ ಜಾಗಗಳೂ ಇವೆ. ಸೀಮಂತದ ಬಳೆ ತೊಡಿಸುವಾಗ, ಮಡಿಲಕ್ಕಿ ತುಂಬುವಾಗ, ಮಗುವನ್ನು ತೊಟ್ಟಿಲಿಗೆ ಹಾಕುವಾಗ ಮಕ್ಕಳಿಲ್ಲದವಳನ್ನು ಹಿಂದೆ ನಿಲ್ಲಿಸುತ್ತಾರೆ. ಯಾರೂ ಬಾಯಲ್ಲಿ ಹೇಳುವುದಿಲ್ಲ, ಹೆಸರು ಕರೆಯುವಾಗ ಒಂದು ಹೆಸರು ಬಿಟ್ಟುಹೋಗುತ್ತದೆ ಅಷ್ಟೆ. ನಮ್ಮ ಮನೆಯ ಒಂದು ನಾಮಕರಣದಲ್ಲಿ ಮುತ್ತೈದೆಯರು ಇಬ್ಬಿಬ್ಬರಾಗಿ ಆರತಿ ಎತ್ತುತ್ತಿದ್ದರು. ನನ್ನ ಸರದಿ ಬಂದಾಗ ತಟ್ಟೆ ನನ್ನ ಮುಂದಿನಿಂದ ಹಾಯ್ದು ಆಚೆಯವಳ ಕೈಗೆ ಹೋಯಿತು. ಕೊಟ್ಟವಳು ಕೆಟ್ಟವಳಲ್ಲ, ಅವಳ ಕೈಗೆ ಅದು ರೂಢಿ. ನಮ್ಮತ್ತೆ ಎದ್ದು ಬಂದು ಆ ತಟ್ಟೆಯನ್ನು ತೆಗೆದುಕೊಂಡು, ಆರುತ್ತಿದ್ದ ಬತ್ತಿಯನ್ನು ಕಡ್ಡಿಯಿಂದ ಮೀಟಿ, ನನ್ನ ಕೈಗಿಟ್ಟು, "ಮೊದ್ಲು ದೊಡ್ಡ ಸೊಸೆ ಎತ್ತಲಿ" ಎಂದರು. ಮನೆಯೊಳಗಿನ ಹಿರಿಯರೊಬ್ಬರು ಒಂದೇ ಮಾತು ಆಡಿದರೆ ಎಷ್ಟು ಕೆಲಸವಾಗುತ್ತದೆ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಡ. ಆ ಮಾತು ಆಡುವ ಅತ್ತೆ ಎಲ್ಲರಿಗೂ ಸಿಗಲಿಲ್ಲ ಎಂಬುದೇ ಸಂಕಟ.

ಮೈಸೂರಿನವರಿಗೆ ಮಕ್ಕಳಾಗದ ಕಥೆ ಎಂದರೆ ಅರಮನೆಯ ಶಾಪ ನೆನಪಾಗುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಹೆಂಡತಿ ಅಲಮೇಲಮ್ಮ, ಒಡವೆಗಾಗಿ ಸೈನಿಕರು ಬೆನ್ನಟ್ಟಿದಾಗ, ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಮಕ್ಕಳಿಲ್ಲದ ಬಾಳು ಎಂದು ಶಪಿಸಿ ಕಾವೇರಿಗೆ ಹಾರಿದಳು ಎಂಬುದು ಐತಿಹ್ಯ. ಅರಮನೆಯವರು ಆಕೆಯ ಪ್ರತಿಮೆಯನ್ನು ಮಾಡಿಸಿ ನವರಾತ್ರಿಯಲ್ಲಿ ಪೂಜಿಸುತ್ತಾ ಬಂದರು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, 1940ರಲ್ಲಿ ಅವರ ತಮ್ಮನ ಮಗ ಪಟ್ಟಕ್ಕೆ ಬಂದರು. ಶ್ರೀಕಂಠದತ್ತ ಒಡೆಯರು 2013ರಲ್ಲಿ ತೀರಿಕೊಂಡ ಮೇಲೆ ಪ್ರಮೋದಾದೇವಿಯವರು 2015ರಲ್ಲಿ ಯದುವೀರರನ್ನು ದತ್ತು ಪಡೆದರು. ಪ್ರವಾಸಿಗರಿಗೆ ಗೈಡುಗಳು ಈ ಸರಣಿಯನ್ನು ಉಸಿರು ಬಿಡದೆ ಹೇಳುತ್ತಾರೆ.

ಈ ಕಥೆಯಲ್ಲಿ ನಾನು ಗಮನಿಸುವುದು ಎರಡು. ಒಂದು, ಶಾಪ ಬಿದ್ದದ್ದು ದೊರೆಗೆ. ಊರಿನಲ್ಲಿ ಸದಾ ಹೆಂಗಸಿನ ಮೇಲೆ ಬೀಳುವ ಮಾತು ಇಲ್ಲಿ ಗಂಡಸಿನ ಮೇಲೆ, ಅವನ ಅಧಿಕಾರದ ಮೇಲೆ ಬಿದ್ದಿದೆ. ಇನ್ನೊಂದು, ದತ್ತಿನ ಬಗ್ಗೆ ಕಡತಗಳು ಬೆಟ್ಟದಷ್ಟಿವೆ, ಯಾಕೆಂದರೆ ಅಲ್ಲಿ ಸಿಂಹಾಸನ ಇತ್ತು. ಕಿತ್ತೂರಿನಲ್ಲಿ 1824ರ ಯುದ್ಧಕ್ಕೆ ಕಾರಣವಾದದ್ದೂ ದತ್ತನ್ನು ಕಂಪನಿ ಒಪ್ಪದೇ ಹೋದದ್ದು. ಮಗುವಿಲ್ಲದಿರುವುದು ರಾಜ್ಯದ ಸಮಸ್ಯೆಯಾದಾಗ ಪತ್ರಗಳು, ವಕೀಲರು, ಫಿರಂಗಿಗಳು ಎಲ್ಲವೂ ಬಂದವು. ನಾಲ್ವಡಿಯವರ ರಾಣಿ ಪ್ರತಾಪಕುಮಾರಿಯವರು ಕಾಠಿಯಾವಾಡದಿಂದ ಭಾಷೆ ತಿಳಿಯದ ಊರಿಗೆ 1900ರಲ್ಲಿ ಸೊಸೆಯಾಗಿ ಬಂದು, ಮಕ್ಕಳಿಲ್ಲದೆ, ಶಾಪದ ಕಥೆ ಗೋಡೆಗೋಡೆಯಲ್ಲೂ ಇದ್ದ ಆ ಮನೆಯಲ್ಲಿ ಬದುಕಿದರು. ಪ್ರತಿ ನವರಾತ್ರಿಯೂ ಅವರಿಗೆ ಹೇಗಿತ್ತೋ ಎಂದು ದಸರಾ ದೀಪಗಳ ಕೆಳಗೆ ನಡೆಯುವಾಗಲೆಲ್ಲ ನಾನು ಯೋಚಿಸುತ್ತೇನೆ.

ಬೆಂಗಳೂರು ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಪಕ್ಕ ದೊಡ್ಡಮಳೂರು ಇದೆ. ಅಪ್ರಮೇಯಸ್ವಾಮಿ ದೇವಸ್ಥಾನದೊಳಗೆ ಬೆಣ್ಣೆ ಹಿಡಿದು ಅಂಬೆಗಾಲಿಡುವ ಕೃಷ್ಣ. ಮಕ್ಕಳು ಬೇಕೆನ್ನುವವರು, ಮಕ್ಕಳಾದವರು ಅಲ್ಲಿ ತೊಟ್ಟಿಲು ಒಪ್ಪಿಸುತ್ತಾರೆ, ಅಂಗೈಯಷ್ಟು ಮರದವು, ಅನುಕೂಲವಿದ್ದರೆ ಬೆಳ್ಳಿಯವು. ಈ ವಿಗ್ರಹದ ಮುಂದೆ ಹೆಂಗಸರು ಕಣ್ಣೀರು ಹಾಕುವುದನ್ನು ಕಂಡಿದ್ದೇನೆ. ಅಲ್ಲಿ ಅತ್ತರೆ ಯಾರೂ ಯಾಕೆ ಎನ್ನುವುದಿಲ್ಲ.

ಅಲ್ಲಿಂದ ಬಹಳ ದೂರವಲ್ಲ, ಮಾಗಡಿ ತಾಲ್ಲೂಕಿನ ಹುಲಿಕಲ್ಲು. ಸಾಲುಮರದ ತಿಮ್ಮಕ್ಕನ ಹೆಸರನ್ನು ನಮ್ಮ ಮಕ್ಕಳು ಪರಿಸರದ ಪಾಠದಲ್ಲಿ ಓದುತ್ತಾರೆ. ನಾನು ಅದನ್ನು ಮಕ್ಕಳಿಲ್ಲದ ಗಂಡಹೆಂಡಿರ ಚರಿತ್ರೆಯಾಗಿ ಓದುತ್ತೇನೆ. ಕೂಲಿ ಮಾಡಿ ಬದುಕುತ್ತಿದ್ದ ತಿಮ್ಮಕ್ಕ, ಚಿಕ್ಕಯ್ಯ ದಂಪತಿಗೆ ಮಕ್ಕಳಾಗಲಿಲ್ಲ. ಆ ಕೊರಗು ತನ್ನನ್ನು ಸಾಯುವ ಯೋಚನೆಯವರೆಗೂ ಒಯ್ದಿತ್ತು ಎಂಬುದನ್ನು ತಿಮ್ಮಕ್ಕ ಮುಚ್ಚಿಡಲಿಲ್ಲ. ಗಂಡಹೆಂಡತಿ ಹುಲಿಕಲ್ಲಿನಿಂದ ಕುದೂರಿನ ಕಡೆಯ ರಸ್ತೆಯ ಬದಿಯಲ್ಲಿ ಆಲದ ಸಸಿ ನೆಡಲು ಹೊರಟರು. ಮೊದಲ ವರ್ಷ 10, ಮರುವರ್ಷ 15, ಅದರ ಮುಂದಿನ ವರ್ಷ 20. ಬಿಂದಿಗೆಯಲ್ಲಿ ನೀರು ಹೊತ್ತು ಕಿಲೋಮೀಟರುಗಟ್ಟಲೆ ನಡೆದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು.

ಎಲ್ಲರೂ ತಿಮ್ಮಕ್ಕನನ್ನು ನೆನೆಯುತ್ತಾರೆ, ನೆನೆಯಬೇಕಾದದ್ದೇ. ನಾನು ಚಿಕ್ಕಯ್ಯನನ್ನೂ ನೆನೆಯುತ್ತೇನೆ. ಇನ್ನೊಂದು ಮದುವೆ ಮಾಡಿಕೋ ಎನ್ನುವವರು ಸುತ್ತಲೂ ಇರುವ ಕಾಲದಲ್ಲಿ, ಹೆಂಡತಿಯ ದುಃಖವನ್ನು ತನ್ನದೂ ಎಂದುಕೊಂಡು ಬಿಂದಿಗೆ ಎತ್ತಿದ ಗಂಡಸು ಆತ. 1991ರಲ್ಲಿ ಆತ ತೀರಿಕೊಂಡ. ತಿಮ್ಮಕ್ಕ ಆಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ಬದುಕಿ, ಒಬ್ಬ ಮಗನನ್ನು ದತ್ತು ತೆಗೆದುಕೊಂಡು, 2019ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಕೊಡಲು ಬಾಗಿದ ರಾಷ್ಟ್ರಪತಿಗಳ ತಲೆ ಮುಟ್ಟಿ ಹರಸಿದ ಆ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬಂತು. ಆರತಿ ತಟ್ಟೆ ಮುಟ್ಟಬಾರದ ಕೈ ಎಂದು ಎಷ್ಟೋ ಊರುಗಳು ಹಿಂದೆ ಸರಿಸುವ ಕೈ ಅದು. 2025ರ ನವೆಂಬರಿನಲ್ಲಿ ಆಕೆ ಹೋದಾಗ ಇಡೀ ನಾಡು ತಾಯಿ ಹೋದಳು ಎಂದಿತು.

ಆಸ್ಪತ್ರೆಯ ಕಥೆ ಇಷ್ಟು ಹಳೆಯದಲ್ಲ. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ದುರ್ಗಾ ಎಂಬ ಮಗು ಹುಟ್ಟಿತು. ಸರ್ಕಾರ ಅವರನ್ನು ನಂಬಲಿಲ್ಲ, 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟಿನಲ್ಲಿ ಬೊಂಬಾಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಕೈಯಲ್ಲಿ ಹರ್ಷಾ ಹುಟ್ಟಿದ ಸುದ್ದಿ ಕನ್ನಡ ಪತ್ರಿಕೆಗಳಲ್ಲೂ ಬಂತು. ನಮ್ಮ ಮನೆಯಲ್ಲಿ ಆ ಪತ್ರಿಕೆಯ ತುಂಡು ಬಹಳ ಕಾಲ ಬೀರುವಿನಲ್ಲಿತ್ತು.

ನಾವೂ ಬೆಂಗಳೂರಿಗೆ ಓಡಾಡಿದೆವು. ಆ ಆಸ್ಪತ್ರೆಯಲ್ಲಿ ಬಸುರಿಯರಿಗೂ ನಮಗೂ ಒಂದೇ ಬೆಂಚು. ಒಂಬತ್ತು ತುಂಬಿದವರ ಪಕ್ಕದಲ್ಲಿ ಸ್ಕ್ಯಾನಿಗೆ ಕಾಯುತ್ತಾ ಕೂರಬೇಕು, ಎದುರು ಗೋಡೆಯಲ್ಲಿ ನಗುವ ಮಗುವಿನ ಕ್ಯಾಲೆಂಡರು. ಕಟ್ಟೆಯಲ್ಲಿ ಎಲ್ಲರೂ ಮಾತಾಡುತ್ತಿದ್ದರು, ಇಲ್ಲಿ ನಮ್ಮಂಥವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಫೈಲು ಎದೆಗೆ ಒತ್ತಿಕೊಂಡು ಕೂರುತ್ತಿದ್ದೆವು. ಆದರೆ ಕಟ್ಟೆ ಎಂದೂ ಮಾಡದ ಒಂದು ಕೆಲಸವನ್ನು ಆಸ್ಪತ್ರೆ ಮಾಡಿತು. ಮೊದಲ ದಿನವೇ ನಮ್ಮ ಮನೆಯವರಿಗೂ ಪರೀಕ್ಷೆ ಬರೆದರು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ ಎಂಬುದನ್ನು ನಾವು ಕೇಳಿದ್ದು ಆಗ. ಸಾವಿರಾರು ವರ್ಷ ಒಬ್ಬಳ ಮೇಲೆ ಹೊರಿಸಿದ ಹೊರೆಯನ್ನು ಸೂಕ್ಷ್ಮದರ್ಶಕ ಎರಡು ಪಾಲು ಮಾಡಿತು. ಇದಕ್ಕೆ ನಾನು ವೈದ್ಯರಿಗೆ ಯಾವಾಗಲೂ ಕೃತಜ್ಞಳು.

ನಮ್ಮಿಬ್ಬರಲ್ಲಿ ಯಾವ ಕಾರಣವೂ ಸಿಗಲಿಲ್ಲ. ಹಾಗೂ ಇರುತ್ತದಂತೆ, ಎಲ್ಲ ಸರಿಯಿದ್ದೂ ಆಗದಿರುವುದು. ಡಾಕ್ಟರು ಫೈಲು ಮುಚ್ಚಿ, "ಏನೂ ತೊಂದರೆ ಇಲ್ಲ" ಎಂದರು. ಅದನ್ನು ಕೇಳಿ ನಾನು ಬಸ್ಸಿನಲ್ಲಿ ಮಂಡ್ಯದವರೆಗೂ ಅತ್ತೆ. ಕಟ್ಟೆಯಲ್ಲಿ ಹಾವಾದರೂ ಇತ್ತು. ಇಲ್ಲಿ ಹೆಸರಿಟ್ಟು ಹೇಳಿಕೊಳ್ಳಲು ಏನೂ ಇರಲಿಲ್ಲ, ಮತ್ತು ಆ ದಿನ ನನ್ನ ಜೊತೆ ಹತ್ತು ನಿಮಿಷ ಕೂರಬೇಕಾದವರು ಯಾರು ಎಂಬುದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಹಾಗಿರಲಿಲ್ಲ. ಅಮೆರಿಕದಲ್ಲಿ ಬಾರ್ಬರಾ ಮೆನಿಂಗ್ ಎಂಬ ನರ್ಸ್, ತಾನೇ ಈ ಸಂಕಟ ಉಂಡವಳು, 1974ರಲ್ಲಿ ಮಕ್ಕಳಾಗದವರು ಸೇರಿ ಮಾತಾಡುವ 'ರಿಸಾಲ್ವ್' ಎಂಬ ಸಂಘ ಕಟ್ಟಿದಳು. ಯಾರೂ ಸತ್ತಿಲ್ಲ, ಆದರೂ ಇದು ಸಾವಿನಂಥ ದುಃಖ, ಅದಕ್ಕೆ ಶೋಕಿಸುವ ಕಾಲ ಬೇಕು ಎಂಬುದು ಆಕೆಯ ವಾದ. 1993ರಲ್ಲಿ ಮನಃಶಾಸ್ತ್ರಜ್ಞೆ ಆಲಿಸ್ ಡೊಮಾರ್ ಮತ್ತು ಸಂಗಡಿಗರು, ಮಕ್ಕಳಾಗದ ಹೆಂಗಸರ ಖಿನ್ನತೆ ಮತ್ತು ಆತಂಕ ಕ್ಯಾನ್ಸರ್ ರೋಗಿಗಳದ್ದಕ್ಕೆ ಸಮನಾಗಿರುತ್ತದೆ ಎಂದು ಅಳೆದು ತೋರಿಸಿದರು. ಬ್ರಿಟನ್ 1990ರಲ್ಲೇ ಇಂಥ ಚಿಕಿತ್ಸೆಗೆ ಮುಂಚೆ ಆಪ್ತಸಮಾಲೋಚನೆಯ ಅವಕಾಶ ಕೊಡಬೇಕೆಂದು ಕಾನೂನು ಮಾಡಿತು. ನಮ್ಮಲ್ಲಿ ಐಸಿಎಂಆರ್ 2005ರ ಮಾರ್ಗಸೂಚಿಯಲ್ಲಿ ಸಮಾಲೋಚಕರು ಬೇಕೆಂದಿತು. 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ, ಚಿಕಿತ್ಸೆಯ ಪರಿಣಾಮಗಳನ್ನೂ ಗೆಲುವಿನ ಸಾಧ್ಯತೆಯನ್ನೂ ದಂಪತಿಗೆ ತಿಳಿಸಿ ಹೇಳುವ ಸಮಾಲೋಚನೆ ಕೊಡಬೇಕು ಎನ್ನುತ್ತದೆ. ಒಳ್ಳೆಯ ಕಾಯ್ದೆ. ಆದರೆ ನಾನು ನೋಡಿದ ಕಡೆಗಳಲ್ಲಿ ಸಮಾಲೋಚನೆ ಎಂದರೆ ಚಿಕಿತ್ಸೆ ಶುರುವಾಗುವ ಮುಂಚೆ ಒಂದು ಸಲ ಕೂರಿಸಿ, ಖರ್ಚು ಹೇಳಿ, ಸಹಿ ಹಾಕಿಸಿಕೊಳ್ಳುವುದು. ಎಷ್ಟೋ ಸಲ ಆ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಹೆಣ್ಣುಮಗಳು ಒಡೆದುಹೋಗುವುದು ಆ ದಿನ ಅಲ್ಲ. ಭ್ರೂಣವನ್ನು ಒಳಗಿಟ್ಟ ಮೇಲೆ ರಕ್ತಪರೀಕ್ಷೆಯವರೆಗಿನ ಆ ಸುಮಾರು ಎರಡು ವಾರ, ಆಮೇಲೆ "ನೆಗೆಟಿವ್" ಎಂದು ಫೋನಿನಲ್ಲಿ ಕೇಳಿದ ಮಧ್ಯಾಹ್ನ, ಆಮೇಲೆ ಸಾಲದ ಕಂತು ಕಟ್ಟುವ ತಿಂಗಳುಗಳು. ಕಾಯ್ದೆಯ ಕಾಗದ ಆ ಹೊತ್ತಿಗೆ ಫೈಲಿನಲ್ಲಿ ಮಲಗಿರುತ್ತದೆ.

ಪ್ರಪಂಚದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬದುಕಿನ ಯಾವುದಾದರೂ ಹಂತದಲ್ಲಿ ಮಕ್ಕಳಾಗದ ತೊಂದರೆಯನ್ನು ಕಾಣುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಇಷ್ಟು ಜನರಿರುವಾಗ ಯಾರೂ ಒಬ್ಬಂಟಿಯಾಗಬೇಕಿಲ್ಲ. ಈಗ ತಿಂಗಳಿಗೊಮ್ಮೆ ನಮ್ಮ ಮನೆಯ ಜಗುಲಿಯಲ್ಲಿ ಕೆಲವು ಹೆಂಗಸರು ಸೇರುತ್ತಾರೆ. ಶಾಲೆಯ ಟೀಚರ್ ಒಬ್ಬಳು, ಗಾರ್ಮೆಂಟ್ಸ್ ಕೆಲಸದ ಇಬ್ಬರು, ಸಕ್ಕರೆ ಕಾರ್ಖಾನೆಯ ಕಡೆಯಿಂದ ಬರುವವಳೊಬ್ಬಳು. ಮೈಸೂರಿನಿಂದ ಮನಃಶಾಸ್ತ್ರ ಓದಿದ ಒಬ್ಬ ಹುಡುಗಿ ಬಿಡುವಿದ್ದಾಗ ಬಂದು ಕೂರುತ್ತಾಳೆ. ನಿದ್ದೆ ಪೂರ್ತಿ ಕೆಟ್ಟವರನ್ನು, ಸಾಯುವ ಮಾತಾಡುವವರನ್ನು ಗುರುತಿಸಿ ವೈದ್ಯರ ಹತ್ತಿರ ಕರೆದುಕೊಂಡು ಹೋಗುವುದು ಅವಳ ಕೆಲಸ, ಅದು ಕಟ್ಟೆಯ ಹೆಂಗಸರಿಗೆ ತಿಳಿಯದ ವಿದ್ಯೆ. ನಮ್ಮಲ್ಲಿ ಕೆಲವು ಕಟ್ಟುಪಾಡುಗಳಿವೆ. ಇಂಥ ಡಾಕ್ಟರ ಹತ್ತಿರ ಹೋಗು, ಇಂಥ ದೇವರಿಗೆ ಹೋಗು ಎನ್ನಬಾರದು. ನಮ್ಮ ನಾದಿನಿಗೆ ಹತ್ತು ವರ್ಷಕ್ಕೆ ಆಯಿತು ಎನ್ನಬಾರದು. ಪರೀಕ್ಷೆಯ ದಿನ ಯಾರ ಫಲಿತಾಂಶ ಇದೆಯೋ ಅವಳ ಜೊತೆ ಇನ್ನೊಬ್ಬಳು ಇರಬೇಕು, ಆಗದಿದ್ದರೆ ಸಂಜೆ ಫೋನು ಮಾಡಬೇಕು. ಊಟ ಮಾಡಿದೆಯಾ ಎಂದು ಮೊದಲು ಕೇಳಬೇಕು. ಚಿಕಿತ್ಸೆ ಸಾಕು ಎಂದು ನಿಲ್ಲಿಸಿದವರೂ ಬರಬಹುದು, ಮಗುವಾದವರೂ ಬರಬಹುದು, ಮಗುವನ್ನು ಮಾತ್ರ ಆ ದಿನ ಮನೆಯಲ್ಲಿ ಬಿಟ್ಟು ಬರಬೇಕು.

ಹೋದ ತಿಂಗಳು ಗಾರ್ಮೆಂಟ್ಸಿನ ಹುಡುಗಿ ಒಂದು ಮಾತು ತೆಗೆದಳು. ವರದಿಯಲ್ಲಿ ಕೊರತೆ ಕಂಡದ್ದು ಅವಳ ಗಂಡನಿಗೆ. ಆತ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ರಾತ್ರಿ ಜಗುಲಿಯಲ್ಲಿ ಕೂತು ಬೀಡಿ ಸೇದುತ್ತಾನಂತೆ. "ಅವ್ರ್ಗೆ ಕೂರೋಕೆ ಒಂದ್ ಜಾಗ ಬ್ಯಾಡ್ವಾ ಮೇಡಂ?" ಎಂದು ಕೇಳಿದಳು. ನಮ್ಮ ಮನೆಯವರು ಒಳಗಿನಿಂದಲೇ ಅದನ್ನು ಕೇಳಿಸಿಕೊಂಡರು. ಮುಂದಿನ ಭಾನುವಾರ ಗಂಡಸರು ಬರಲಿ, ನಾನೇ ಕೂರುತ್ತೇನೆ ಎಂದಿದ್ದಾರೆ. ಇಲ್ಲಿಯವರೆಗೆ ಇಬ್ಬರು ಬರುತ್ತೇವೆ ಎಂದು ಹೇಳಿ ಕಳಿಸಿದ್ದಾರೆ.